ಇತಿಹಾಸದಲ್ಲಿ ಅರ್ಧಸತ್ಯ: ಟಿಪ್ಪು ಸುಲ್ತಾನನನ್ನು ಓದುವ ಬಗೆ



ನಮ್ಮ ಮನೆಗಳಲ್ಲಿ ಹಿರಿಯರು ಆಗಾಗ ಹೇಳುವ ಒಂದು ಉರ್ದು ಗಾದೆ ನಿಮಗೆಲ್ಲ ಗೊತ್ತು: "ನೀಮ್ ಹಕೀಮ್ ಖತ್ರಾ-ಎ-ಜಾನ್." ಅರೆಬರೆ ಕಲಿತ ವೈದ್ಯನಿಂದ ಪ್ರಾಣಕ್ಕೇ ಅಪಾಯ ಎಂದು ಇದರ ಅರ್ಥ. ಏನೂ ತಿಳಿಯದವನ ಹತ್ತಿರ ನಾವು ಔಷಧಿಗೆ ಹೋಗುವುದಿಲ್ಲ. ಅರ್ಧ ತಿಳಿದವನನ್ನು ಮಾತ್ರ ನಂಬಿ ಹೋಗುತ್ತೇವೆ. ಆದ್ದರಿಂದಲೇ ಅವನು ಹೆಚ್ಚು ಅಪಾಯಕಾರಿ. ಇತಿಹಾಸದ ವಿಷಯದಲ್ಲೂ ಹೀಗೆಯೇ. ಪೂರ್ಣ ಸುಳ್ಳನ್ನು ಹಿಡಿಯುವುದು ಸುಲಭ. ಒಂದು ಪುಸ್ತಕ ತೆರೆದರೆ ಸಾಕು, ಸುಳ್ಳು ಬಯಲಾಗುತ್ತದೆ. ಆದರೆ ಅರ್ಧಸತ್ಯವನ್ನು ಹಿಡಿಯುವುದು ಕಷ್ಟ. ಏಕೆಂದರೆ ಪುಸ್ತಕ ತೆರೆದು ನೋಡಿದಾಗ ಆ ಮಾತು ಅಲ್ಲಿ ನಿಜವಾಗಿಯೂ ಇರುತ್ತದೆ!

ಅರ್ಧಸತ್ಯ ಎಂದರೇನು?

ಹೇಳಿದ ಮಾತು ನಿಜವಾಗಿದ್ದು, ಕೇಳಿದವನ ಮನಸ್ಸಿನಲ್ಲಿ ಮೂಡುವ ಚಿತ್ರ ತಪ್ಪಾಗಿದ್ದರೆ ಅದನ್ನು ಅರ್ಧಸತ್ಯ ಎನ್ನಬಹುದು. ಇದಕ್ಕೆ ನಮ್ಮ ನಾಡಿನ ಮಕ್ಕಳಿಗೆಲ್ಲ ತಿಳಿದಿರುವ ಉದಾಹರಣೆ ಮಹಾಭಾರತದ ದ್ರೋಣಪರ್ವದಲ್ಲಿದೆ. ದ್ರೋಣಾಚಾರ್ಯರನ್ನು ಯುದ್ಧದಲ್ಲಿ ಗೆಲ್ಲುವುದು ಅಸಾಧ್ಯವೆನಿಸಿದಾಗ ಭೀಮನು ಅಶ್ವತ್ಥಾಮ ಎಂಬ ಹೆಸರಿನ ಆನೆಯನ್ನು ಕೊಂದು, ಅಶ್ವತ್ಥಾಮ ಸತ್ತನೆಂದು ಕೂಗುತ್ತಾನೆ. ದ್ರೋಣರ ಮಗನ ಹೆಸರೂ ಅದೇ. ಅವರು ಭೀಮನ ಮಾತನ್ನು ನಂಬದೆ, ಎಂದೂ ಸುಳ್ಳಾಡದ ಧರ್ಮರಾಯನನ್ನು ಕೇಳುತ್ತಾರೆ. ಧರ್ಮರಾಯನು ಅಶ್ವತ್ಥಾಮ ಸತ್ತದ್ದು ನಿಜವೆಂದು ಗಟ್ಟಿಯಾಗಿ ಹೇಳಿ, ಸತ್ತದ್ದು ಆನೆ ಎಂಬುದನ್ನು ಮೆಲ್ಲಗೆ ಹೇಳುತ್ತಾನೆ. ದ್ರೋಣರು ಶಸ್ತ್ರ ಕೆಳಗಿಡುತ್ತಾರೆ. ಅಲ್ಲಿಯವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಚಲಿಸುತ್ತಿದ್ದ ಧರ್ಮರಾಯನ ರಥ ಅಂದು ನೆಲಕ್ಕಿಳಿಯಿತು ಎಂದು ಕಥೆ ಹೇಳುತ್ತದೆ. ಅವನು ಆಡಿದ ಒಂದೊಂದು ಪದವೂ ನಿಜ. ಆದರೂ ರಥ ನೆಲಕ್ಕಿಳಿಯಿತು! ಮಾತಿನ ಪದಗಳನ್ನಷ್ಟೇ ಅಲ್ಲ, ಮಾತಿನ ಪರಿಣಾಮವನ್ನೂ ತೂಗಬೇಕೆಂಬ ತಿಳಿವಳಿಕೆ ಈ ಕಥೆಯಲ್ಲಿದೆ.

ಇತಿಹಾಸಕಾರರಲ್ಲಿ ಈ ವಿಷಯವನ್ನು ಬಹಳ ಹಿಂದೆಯೇ ಶಾಸ್ತ್ರವಾಗಿ ಚರ್ಚಿಸಿದವರು ಇಬ್ನ್ ಖಲ್ದೂನ್. ಉತ್ತರ ಆಫ್ರಿಕದ ಟ್ಯುನಿಸ್‌ನಲ್ಲಿ 1332ರಲ್ಲಿ ಹುಟ್ಟಿದ ಇವರು 1377ರಲ್ಲಿ 'ಮುಖದ್ದಿಮಾ' ಗ್ರಂಥವನ್ನು ರಚಿಸಿದರು. ಇತಿಹಾಸದೊಳಗೆ ಸುಳ್ಳು ಹೇಗೆ ನುಸುಳುತ್ತದೆ ಎಂದು ಅವರು ಕಾರಣಗಳನ್ನು ಪಟ್ಟಿ ಮಾಡುತ್ತಾರೆ. ಅದರಲ್ಲಿ ಪಕ್ಷಪಾತ ಒಂದು. ತನ್ನ ಪಂಗಡಕ್ಕೆ ಹಿತವಾದ ಸುದ್ದಿಯನ್ನು ಮನುಷ್ಯನು ಪರೀಕ್ಷಿಸದೆ ಒಪ್ಪಿಕೊಳ್ಳುತ್ತಾನೆ. ಹೇಳಿದವರ ಮೇಲಿನ ಕುರುಡು ನಂಬಿಕೆ, ಘಟನೆಯ ಉದ್ದೇಶ ತಿಳಿಯದಿರುವುದು, ದೊಡ್ಡವರನ್ನು ಓಲೈಸುವ ಆಸೆ ಇವು ಇನ್ನಿತರ ಕಾರಣಗಳು. ಸೈನ್ಯಗಳ ಸಂಖ್ಯೆಯನ್ನು ಉಬ್ಬಿಸಿ ಬರೆಯುವ ಚರಿತ್ರೆಕಾರರನ್ನು ಅವರು ಲೆಕ್ಕ ಹಾಕಿ ತೋರಿಸಿ ಟೀಕಿಸುತ್ತಾರೆ. ಗಮನಿಸಿ, ಅವರು ಟೀಕಿಸಿದ ಲೇಖಕರಲ್ಲಿ ಬಹಳ ಜನ ಅವರ ಸ್ವಂತ ಪರಂಪರೆಯವರೇ.

ಈ ಲೇಖನದಲ್ಲಿ ಅರ್ಧಸತ್ಯವನ್ನು ವಿವರಿಸಲು ನಮ್ಮ ಕರ್ನಾಟಕದ್ದೇ ಒಂದು ಉದಾಹರಣೆಯನ್ನು ಆರಿಸಿಕೊಂಡಿದ್ದೇನೆ. ಅದು ಟಿಪ್ಪು ಸುಲ್ತಾನನ ಇತಿಹಾಸ. ಡಿಸೆಂಬರ್ 1782ರಲ್ಲಿ ಹೈದರಾಲಿಯ ಮರಣಾನಂತರ ಅಧಿಕಾರಕ್ಕೆ ಬಂದು, 4 ಮೇ 1799ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಕತ್ತಿ ಹಿಡಿದೇ ಮಡಿದ ಈ ಅರಸನ ಬಗ್ಗೆ ಇರುವಷ್ಟು ಅರ್ಧಸತ್ಯಗಳು ನಮ್ಮ ನಾಡಿನ ಬೇರೆ ಯಾವ ಅರಸನ ಬಗ್ಗೆಯೂ ಇರಲಿಕ್ಕಿಲ್ಲ. ಕರ್ನಾಟಕ ಸರ್ಕಾರ 2015ರಲ್ಲಿ ಟಿಪ್ಪು ಜಯಂತಿಯನ್ನು ಆರಂಭಿಸಿತು. 2019ರಲ್ಲಿ ಬಂದ ಮತ್ತೊಂದು ಸರ್ಕಾರ ಅದನ್ನು ನಿಲ್ಲಿಸಿತು. ಆ ನಾಲ್ಕು ವರ್ಷಗಳಲ್ಲಿ ವೇದಿಕೆಗಳ ಮೇಲೆ ಕೇಳಿಬಂದ ಮಾತುಗಳಲ್ಲಿ ಪೂರ್ಣ ಸುಳ್ಳು ಕಡಿಮೆ, ಅರ್ಧಸತ್ಯವೇ ಹೆಚ್ಚು. ಹೊಗಳುವವರಲ್ಲೂ ಇತ್ತು, ತೆಗಳುವವರಲ್ಲೂ ಇತ್ತು. ಆದ್ದರಿಂದ ಅರ್ಧಸತ್ಯದ ಬಗೆಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯ ಬಗೆ: ಆಯ್ದು ಕೊಡುವುದು

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಗ್ರಂಥಭಂಡಾರ ಮತ್ತು ಕಾಗದಪತ್ರಗಳು ಇಂಗ್ಲಿಷರ ಕೈಸೇರಿದವು. ಕಂಪನಿಯ ಸೇನಾಧಿಕಾರಿ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಆ ಪರ್ಷಿಯನ್ ಪತ್ರಗಳಲ್ಲಿ ಕೆಲವನ್ನು ಇಂಗ್ಲಿಷಿಗೆ ಅನುವಾದಿಸಿ 1811ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನು. ಪುಸ್ತಕದ ಹೆಸರಿನಲ್ಲೇ 'ಆಯ್ದ ಪತ್ರಗಳು' ಎಂದಿದೆ. ಟಿಪ್ಪುವನ್ನು ಕ್ರೂರಿ, ಮತಾಂಧ, ಅನ್ಯಾಯದ ದೊರೆ ಎಂದು ತೋರಿಸಬೇಕೆಂಬ ನಿಲುವು ಮುನ್ನುಡಿಯಲ್ಲೇ ಸ್ಪಷ್ಟವಾಗಿ ಕಾಣುತ್ತದೆ. ಹಾಗೆಂದು ಪತ್ರಗಳೆಲ್ಲ ಸುಳ್ಳೇ? ಅಲ್ಲ. ಅದರಲ್ಲಿರುವ ಕಠೋರವಾದ ಆಜ್ಞೆಗಳನ್ನು ಟಿಪ್ಪು ಬರೆಸಿರಲಿಲ್ಲ ಎಂದು ನಾವು ಸುಮ್ಮನೆ ತಳ್ಳಿಹಾಕುವಂತಿಲ್ಲ. ಆದರೆ ಸಾವಿರಾರು ಪತ್ರಗಳನ್ನು ಬರೆಸಿದ ಒಬ್ಬ ಅರಸನನ್ನು, ಅವನನ್ನು ಸೋಲಿಸಿದವರು ಆರಿಸಿಕೊಟ್ಟ ಪತ್ರಗಳಿಂದ ಮಾತ್ರ ಅಳೆಯಬಹುದೇ?

ಇನ್ನೊಂದು ವಿಚಿತ್ರ ನೋಡಿ. ಅದೇ ಕರ್ಕ್‌ಪ್ಯಾಟ್ರಿಕ್‌ನ ಪುಸ್ತಕದಲ್ಲಿ ಮಸ್ಕತ್ತಿನ ಕಡೆಯಿಂದ ರೇಷ್ಮೆ ಹುಳುಗಳನ್ನು ತರಿಸುವ ಬಗ್ಗೆಯೂ ಪತ್ರಗಳಿವೆ. ನಮ್ಮ ನಾಡಿನ ರೇಷ್ಮೆಯ ಕಥೆ ಬರೆಯುವವರು ಅವನ್ನು ನೆನೆಯುತ್ತಾರೆ. ಟಿಪ್ಪುವನ್ನು ತೆಗಳುವವರು ಅದೇ ಪುಸ್ತಕದಿಂದ ಬೇರೆ ಪುಟಗಳನ್ನು ಓದುತ್ತಾರೆ. ಕರ್ಕ್‌ಪ್ಯಾಟ್ರಿಕ್ ಆಯ್ದದ್ದರಲ್ಲಿ ನಾವು ಮತ್ತೆ ಆಯುತ್ತೇವೆ. ಜರಡಿಯಲ್ಲಿ ಎರಡು ಸಲ ಬಿದ್ದ ಮೇಲೆ ಉಳಿಯುವುದೆಷ್ಟು?

ಈ ಮಾತು ಇಂಗ್ಲಿಷರಿಗೆ ಮಾತ್ರ ಅನ್ವಯಿಸುವುದಿಲ್ಲ. ಮೀರ್ ಹುಸೇನ್ ಅಲಿ ಖಾನ್ ಕಿರ್ಮಾನಿ ಹೈದರಾಲಿ ಮತ್ತು ಟಿಪ್ಪುವಿನ ಆಶ್ರಯದಲ್ಲಿದ್ದವನು. ಆದರೆ ಅವನ 'ನಿಶಾನ್-ಎ-ಹೈದರಿ' ಎಂಬ ಪರ್ಷಿಯನ್ ಇತಿಹಾಸ ಬರೆದು ಮುಗಿದದ್ದು ಟಿಪ್ಪುವಿನ ಪತನದ ನಂತರ. ಆಸ್ಥಾನದ ಲೇಖಕರಿಗೆ ದೊರೆಯ ಗೆಲುವನ್ನು ದೊಡ್ಡದಾಗಿ ಬರೆಯುವ ಅಭ್ಯಾಸವಿರುತ್ತದೆ. ಕರ್ನಲ್ ಮಾರ್ಕ್ ವಿಲ್ಕ್ಸ್ ಮೈಸೂರಿನಲ್ಲಿ ಕಂಪನಿಯ ರೆಸಿಡೆಂಟನಾಗಿದ್ದವನು. ಅವನ ಮೂರು ಸಂಪುಟಗಳ ಇತಿಹಾಸ 1810ರಿಂದ 1817ರ ನಡುವೆ ಹೊರಬಂತು. ಅವನಿಗೆ ಕಂಪನಿ ಮಾಡಿದ ಯುದ್ಧ ನ್ಯಾಯವೆಂದು ತೋರಿಸುವ ಅಗತ್ಯವಿತ್ತು. ಇಬ್ಬರನ್ನೂ ಓದಬೇಕು. ಓದುವಾಗ ಇಬ್ಬರ ಅನ್ನದಾತರು ಯಾರು ಎಂಬುದನ್ನೂ ನೆನಪಿಡಬೇಕು.

ಎರಡನೆಯ ಬಗೆ: ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು

ನಮ್ಮ ಸಭೆಗಳಲ್ಲಿ ಟಿಪ್ಪುವಿನ ಬಗ್ಗೆ ಭಾಷಣ ಮಾಡುವ ವಿದ್ಯಾರ್ಥಿಗಳು ಶೃಂಗೇರಿಯ ಪ್ರಸಂಗವನ್ನು ತಪ್ಪದೆ ಹೇಳುತ್ತಾರೆ. ಹೇಳಬೇಕಾದದ್ದೇ. 1791ರಲ್ಲಿ, ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ, ಮರಾಠಾ ಸೇನೆಯ ಸವಾರರು ಶೃಂಗೇರಿ ಮಠವನ್ನು ಲೂಟಿ ಮಾಡಿದರು. ಶಾರದಾಂಬೆಯ ವಿಗ್ರಹವನ್ನು ಸ್ಥಾನದಿಂದ ಕಿತ್ತರು. ಜನ ಸತ್ತರು. ಆಗ ಮಠದಲ್ಲಿದ್ದ ಮೂರನೆಯ ಸಚ್ಚಿದಾನಂದ ಭಾರತಿ ಸ್ವಾಮಿಗಳು ಟಿಪ್ಪುವಿಗೆ ಪತ್ರ ಬರೆದರು. ಟಿಪ್ಪು ಬಿದನೂರಿನ ಅಸಫನಿಗೆ ಆಜ್ಞೆ ಮಾಡಿ, ದೇವಿಯ ಪುನಃಪ್ರತಿಷ್ಠೆಗಾಗಿ 200 ರಹತಿ ಹಣವನ್ನೂ ಬೇಕಾದ ಸಾಮಗ್ರಿಗಳನ್ನೂ ಕೊಡಿಸಿದನು. ಸ್ವಾಮಿಗಳನ್ನು ಜಗದ್ಗುರು ಎಂದೇ ಸಂಬೋಧಿಸಿದನು. ಈ ಪತ್ರಗಳು ಕನ್ನಡದಲ್ಲಿವೆ. ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1916ರಲ್ಲಿ ಮಠದಲ್ಲಿ ಇವನ್ನು ಪತ್ತೆ ಹಚ್ಚಿ ಬೆಳಕಿಗೆ ತಂದರು. ಇದಕ್ಕಿಂತ ಗಟ್ಟಿಯಾದ ಆಧಾರ ಇತಿಹಾಸದಲ್ಲಿ ಸಿಗುವುದು ಅಪರೂಪ. ನಂಜನಗೂಡು ದೇವಸ್ಥಾನದ ಪಚ್ಚೆ ಲಿಂಗ ಟಿಪ್ಪುವಿನ ಕಾಣಿಕೆ ಎಂಬುದು ಅಲ್ಲಿಯ ಪರಂಪರೆ. ಅವನ ಅರಮನೆಯ ಹತ್ತಿರದಲ್ಲೇ ಇದ್ದ ಶ್ರೀರಂಗನಾಥ ದೇವಾಲಯ ಇಂದಿಗೂ ಅಲ್ಲಿಯೇ ಇದೆ. ಅವನ ಹಣಕಾಸಿನ ವ್ಯವಹಾರ ನೋಡುತ್ತಿದ್ದವರು ಪೂರ್ಣಯ್ಯ.

ಇಷ್ಟು ಹೇಳಿ ಭಾಷಣ ಮುಗಿಸಿದರೆ ಚಪ್ಪಾಳೆ ಬೀಳುತ್ತದೆ. ಹೇಳಿದ್ದರಲ್ಲಿ ಸುಳ್ಳೂ ಇಲ್ಲ. ಆದರೆ ಅದೇ ಸಭಾಂಗಣದ ಹಿಂದಿನ ಸಾಲಿನಲ್ಲಿ ಕೊಡಗಿನಿಂದ ಬಂದ ಒಬ್ಬ ಹುಡುಗ ಕುಳಿತಿದ್ದರೆ? ಅವನ ಮನೆಯಲ್ಲಿ ಅಜ್ಜಿ ಹೇಳಿದ ಕಥೆ ಬೇರೆ. ಕೊಡಗಿನವರು ಹೈದರಾಲಿಯ ಕಾಲದಿಂದಲೂ ಮೈಸೂರಿನ ಆಳ್ವಿಕೆಗೆ ಮಣಿಯದೆ ಮತ್ತೆ ಮತ್ತೆ ದಂಗೆಯೆದ್ದರು. 1785ರ ಸುಮಾರಿಗೆ ಟಿಪ್ಪು ಅವರ ಮೇಲೆ ದಂಡೆತ್ತಿ ಹೋಗಿ ಬಹು ಸಂಖ್ಯೆಯ ಸ್ತ್ರೀಪುರುಷರನ್ನು, ಮಕ್ಕಳನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅನೇಕರನ್ನು ಮತಾಂತರ ಮಾಡಲಾಯಿತು. ಕೊಡವ ಮನೆತನದ ಹೆಸರುಗಳನ್ನು ಇಂದಿಗೂ ಉಳಿಸಿಕೊಂಡಿರುವ ಮುಸ್ಲಿಂ ಕುಟುಂಬಗಳು ಕೊಡಗಿನಲ್ಲಿವೆ. ದೊಡ್ಡವೀರರಾಜೇಂದ್ರ ಪಿರಿಯಾಪಟ್ಟಣದ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಹೋಗಿ ಮತ್ತೆ ಹೋರಾಟ ಕಟ್ಟಿದನು. ಇದೂ ಇತಿಹಾಸವೇ. ಶೃಂಗೇರಿ ನಿಜವಾದರೆ ಕೊಡಗೂ ನಿಜ. ಕೊಡಗು ನಿಜವಾದರೆ ಶೃಂಗೇರಿಯೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ನುಂಗಿದವನು ಯಾವ ಪಕ್ಷದವನಾಗಿರಲಿ, ಆನೆ ಎಂಬ ಪದವನ್ನು ಮೆಲ್ಲಗೆ ಹೇಳಿದವನೇ.

ಮೂರನೆಯ ಬಗೆ: ಅಂಕಿಗಳ ಆಟ

ಸಂಖ್ಯೆ ಇದ್ದರೆ ಮಾತಿಗೆ ತೂಕ ಬರುತ್ತದೆ. ಆದ್ದರಿಂದ ಅರ್ಧಸತ್ಯಕ್ಕೆ ಸಂಖ್ಯೆ ಎಂದರೆ ಬಹಳ ಪ್ರೀತಿ. ಕೊಡಗಿನಲ್ಲಿ ಸೆರೆಯಾದವರು 70,000 ಎಂದು ವಿಲ್ಕ್ಸ್ ಬರೆಯುತ್ತಾನೆ. ಕಿರ್ಮಾನಿಯ ಲೆಕ್ಕ 80,000. 'ಹಿಸ್ಟರಿ ಆಫ್ ಟಿಪ್ಪು ಸುಲ್ತಾನ್' ಬರೆದ ಪ್ರೊ. ಮೊಹಿಬ್ಬುಲ್ ಹಸನ್ ಇವನ್ನು ವಿಪರೀತ ಉತ್ಪ್ರೇಕ್ಷೆ ಎಂದು ತಳ್ಳಿಹಾಕಿ ತೀರಾ ಸಣ್ಣ ಸಂಖ್ಯೆಯನ್ನು ಮುಂದಿಡುತ್ತಾರೆ. ಇಲ್ಲಿ ಒಂದು ವಿಷಯ ಗಮನಿಸಿ: ದೊಡ್ಡ ಸಂಖ್ಯೆಯನ್ನು ವಿರೋಧಿಯೂ ಬರೆದ, ಹೊಗಳುವವನೂ ಬರೆದ. ವಿರೋಧಿಗೆ ಅದು ಕ್ರೌರ್ಯದ ಅಳತೆ, ಆಸ್ಥಾನದ ಲೇಖಕನಿಗೆ ಅದು ದೊರೆಯ ಗೆಲುವಿನ ಅಳತೆ! ಇಬ್ಬರಿಗೂ ಸಂಖ್ಯೆ ದೊಡ್ಡದಾಗಬೇಕಿತ್ತು. ಆದ್ದರಿಂದ ಇಬ್ಬರು ಹೇಳಿದ್ದಾರೆಂಬ ಕಾರಣಕ್ಕೆ ಅದು ಸಾಬೀತಾಗುವುದಿಲ್ಲ. ಹಾಗೆಯೇ ಸಂಖ್ಯೆ ಉಬ್ಬಿದ್ದು ಎಂದ ಮಾತ್ರಕ್ಕೆ ಘಟನೆಯೇ ನಡೆಯಲಿಲ್ಲ ಎಂದೂ ಆಗುವುದಿಲ್ಲ. ಎರಡನೆಯ ತಪ್ಪನ್ನು ನಮ್ಮವರು ಹೆಚ್ಚಾಗಿ ಮಾಡುತ್ತಾರೆ.

ಬಂಗಾಳದ 'ಕಪ್ಪು ಕೋಣೆ'ಯ ಪ್ರಕರಣ ಇದಕ್ಕೆ ಒಳ್ಳೆಯ ಹೋಲಿಕೆ. 20 ಜೂನ್ 1756ರ ರಾತ್ರಿ ಕಲ್ಕತ್ತೆಯಲ್ಲಿ ನವಾಬ ಸಿರಾಜುದ್ದೌಲನ ಸೈನಿಕರು 146 ಜನರನ್ನು ಒಂದು ಸಣ್ಣ ಕೋಣೆಯಲ್ಲಿ ಕೂಡಿಹಾಕಿದರು, ಬೆಳಿಗ್ಗೆ 23 ಜನ ಮಾತ್ರ ಬದುಕಿದ್ದರು ಎಂದು ಹಾಲ್‌ವೆಲ್ ಎಂಬ ಕಂಪನಿಯ ಅಧಿಕಾರಿ ಬರೆದನು. ನೂರೈವತ್ತು ವರ್ಷ ಇಂಗ್ಲಿಷ್ ಮಕ್ಕಳು ಇದನ್ನು ಓದಿ ಬೆಳೆದರು. ಆ ಅಳತೆಯ ಕೋಣೆಯಲ್ಲಿ ಅಷ್ಟು ಜನ ಹಿಡಿಸುವರೇ ಎಂಬ ಪ್ರಶ್ನೆ ಎದ್ದಿತು. 1915ರಲ್ಲಿ ಜೆ.ಎಚ್. ಲಿಟ್ಲ್ ಎಂಬ ಇಂಗ್ಲಿಷನೇ ಇಡೀ ವೃತ್ತಾಂತವನ್ನು ಅಲ್ಲಗಳೆದನು. ನಂತರ ಬ್ರಿಜೆನ್ ಗುಪ್ತಾ ಎಂಬ ಇತಿಹಾಸಕಾರರು ದಾಖಲೆಗಳನ್ನು ಪರಿಶೀಲಿಸಿ, ಒಳಗೆ ಹೋದವರು ಸುಮಾರು 64, ಬದುಕಿ ಬಂದವರು 21 ಎಂಬ ಅಂದಾಜಿಗೆ ಬಂದರು. ಹಾಲ್‌ವೆಲ್ ಹೇಳಿದಷ್ಟಲ್ಲ; ಆದರೆ ಏನೂ ನಡೆಯಲಿಲ್ಲ ಎನ್ನುವಂತೆಯೂ ಇಲ್ಲ. ಸತ್ತ ನಲವತ್ತಕ್ಕೂ ಹೆಚ್ಚು ಜನ ಮನುಷ್ಯರೇ ಅಲ್ಲವೇ?

ನಾಲ್ಕನೆಯ ಬಗೆ: ಒಂದೇ ಕಾರಣ

1784ರ ಫೆಬ್ರವರಿಯಲ್ಲಿ ಟಿಪ್ಪುವಿನ ಆಜ್ಞೆಯಂತೆ ಕೆನರಾ ಜಿಲ್ಲೆಯ ಕ್ಯಾಥೊಲಿಕ್ ಕ್ರೈಸ್ತರನ್ನು ಬಂಧಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋಗಲಾಯಿತು. ಬೇರೆ ಬೇರೆ ಮೂಲಗಳು 30,000ದಿಂದ 60,000ದವರೆಗೆ ಸಂಖ್ಯೆ ಕೊಡುತ್ತವೆ. ದಾರಿಯಲ್ಲೂ ಸೆರೆಯಲ್ಲೂ ಬಹಳ ಜನ ಸತ್ತರು. ಚರ್ಚುಗಳನ್ನು ಕೆಡವಲಾಯಿತು. ಇದಕ್ಕೆ ಕಾರಣವೇನು? ಮತದ್ವೇಷ ಎಂದು ಒಂದು ಪಕ್ಷ ಹೇಳುತ್ತದೆ. ಆಗಷ್ಟೇ ಮುಗಿಯುತ್ತಿದ್ದ ಎರಡನೆಯ ಮೈಸೂರು ಯುದ್ಧದಲ್ಲಿ ಅವರು ಇಂಗ್ಲಿಷರಿಗೆ ನೆರವಾದರೆಂಬ ಆರೋಪ ಎಂದು ಇನ್ನೊಂದು ಪಕ್ಷ ಹೇಳುತ್ತದೆ. ಆರೋಪ ಇದ್ದದ್ದು ನಿಜ. ಅದನ್ನು ಹೇಳದವರು ಅರ್ಧವನ್ನೇ ಹೇಳುತ್ತಾರೆ. ಆದರೆ ಕೆಲವರ ಮೇಲಿನ ಆರೋಪಕ್ಕೆ ಹಸುಗೂಸು, ಮುದುಕಿಯರನ್ನೂ ಸೇರಿಸಿ ಒಂದು ಸಮುದಾಯವನ್ನೇ ಶಿಕ್ಷಿಸಿದ್ದು ಹೇಗೆ ನ್ಯಾಯ ಎಂಬ ಪ್ರಶ್ನೆಗೆ ಎರಡನೆಯ ಪಕ್ಷ ಉತ್ತರಿಸುವುದಿಲ್ಲ. ಕಾರಣ ಹೇಳುವುದು ಬೇರೆ, ಸಮರ್ಥಿಸುವುದು ಬೇರೆ. ಇವೆರಡರ ನಡುವಿನ ಗೆರೆಯನ್ನು ಅಳಿಸುವುದೂ ಅರ್ಧಸತ್ಯದ ಒಂದು ಉಪಾಯ.

ಟಿಪ್ಪುವಿನ ಎಲ್ಲಾ ಯುದ್ಧಗಳೂ ಧರ್ಮಕ್ಕಾಗಿಯೇ ನಡೆದವು ಎನ್ನುವವರು ಬಿಡುವ ಸಂಗತಿಗಳೂ ಇವೆ. ಸವಣೂರಿನ ನವಾಬ ಮುಸಲ್ಮಾನ. ಅವನ ಸಂಸ್ಥಾನವನ್ನು ಟಿಪ್ಪು ಆಕ್ರಮಿಸಿಕೊಂಡನು. ಮಲಬಾರಿನಲ್ಲಿ ಮಂಜೇರಿಯ ಅತ್ತನ್ ಗುರುಕ್ಕಳ್ ಎಂಬ ಮಾಪಿಳ್ಳೆ ನಾಯಕ ಟಿಪ್ಪುವಿನ ವಿರುದ್ಧ ದಂಗೆಯೆದ್ದನು. 1792ರಲ್ಲಿಯೂ 1799ರಲ್ಲಿಯೂ ಹೈದರಾಬಾದಿನ ನಿಜಾಮನ ಸೇನೆ ಇಂಗ್ಲಿಷರ ಜೊತೆ ಸೇರಿ ಶ್ರೀರಂಗಪಟ್ಟಣಕ್ಕೆ ಬಂದಿತ್ತು. ಹದಿನೆಂಟನೆಯ ಶತಮಾನದ ಅರಸರು ರಾಜ್ಯಕ್ಕಾಗಿ, ಕಂದಾಯಕ್ಕಾಗಿ, ಬಂದರುಗಳಿಗಾಗಿ ಹೋರಾಡಿದರು. ದಂಗೆಯೆದ್ದವರನ್ನು ನಿಷ್ಕರುಣೆಯಿಂದ ದಂಡಿಸಿದರು. ಆ ದಂಡನೆಯ ಭಾಷೆಯಲ್ಲಿ ಧರ್ಮವೂ ಸೇರಿಕೊಂಡಿತ್ತು. ಇದನ್ನು ಒಂದೇ ಪದದಲ್ಲಿ ಹೇಳಲು ಹೋದರೆ ಯಾವ ಪದವೂ ಸಾಲುವುದಿಲ್ಲ.

ಒಂದೇ ಕಾರಣದ ಇನ್ನೊಂದು ಉದಾಹರಣೆ ಉರ್ದು ಬಲ್ಲ ನಮಗೆ ಬಹಳ ಪರಿಚಿತ. ಮೀರ್ ಸಾದಿಕ್ ಎಂಬ ಹೆಸರು ನಮ್ಮ ಭಾಷೆಯಲ್ಲಿ ದ್ರೋಹಕ್ಕೆ ಪರ್ಯಾಯ ಪದವೇ ಆಗಿದೆ. ಅವನ ಮೇಲಿನ ಆರೋಪ ಹಳೆಯದು. ಅಂದೇ ಟಿಪ್ಪುವಿನ ಸೈನಿಕರು ಅವನನ್ನು ಕೊಂದರು. ಆದರೆ ಒಬ್ಬನ ದ್ರೋಹದಿಂದಲೇ ಶ್ರೀರಂಗಪಟ್ಟಣ ಬಿತ್ತು ಎಂಬುದು ಅರ್ಧಸತ್ಯ. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಕಳೆದುಕೊಂಡಿದ್ದನು. 3 ಕೋಟಿ 30 ಲಕ್ಷ ರೂಪಾಯಿ ದಂಡ ತೆರಬೇಕಾಯಿತು. ಇಬ್ಬರು ಗಂಡುಮಕ್ಕಳನ್ನು ಒತ್ತೆಯಿಡಬೇಕಾಯಿತು. 1799ರಲ್ಲಿ ಒಂದು ಕಡೆಯಿಂದ ಜನರಲ್ ಹ್ಯಾರಿಸ್‌ನ ಸೇನೆ, ಮತ್ತೊಂದು ಕಡೆಯಿಂದ ಬೊಂಬಾಯಿಯ ಸೇನೆ, ಜೊತೆಗೆ ನಿಜಾಮನ ದಂಡು. ಫ್ರೆಂಚರ ಸಹಾಯ ಬರಲೇ ಇಲ್ಲ. ಇಷ್ಟೆಲ್ಲವನ್ನು ಬಿಟ್ಟು ಒಬ್ಬ ದ್ರೋಹಿಯ ಮೇಲೆ ಎಲ್ಲ ಭಾರ ಹಾಕಿದರೆ ಮನಸ್ಸಿಗೆ ಸಮಾಧಾನವಾಗಬಹುದು, ಇತಿಹಾಸ ಅರ್ಥವಾಗುವುದಿಲ್ಲ.

ಐದನೆಯ ಬಗೆ: ಹೆಸರಿಡುವುದು ಮತ್ತು ಉಬ್ಬಿಸುವುದು

ಜೇಮ್ಸ್ ಮಿಲ್ 1817ರಲ್ಲಿ ಭಾರತದ ಇತಿಹಾಸ ಬರೆದನು. ಅವನು ಭಾರತಕ್ಕೆ ಒಮ್ಮೆಯೂ ಬಂದವನಲ್ಲ, ಇಲ್ಲಿಯ ಒಂದು ಭಾಷೆಯನ್ನೂ ಕಲಿತವನಲ್ಲ. ಅವನು ನಮ್ಮ ಇತಿಹಾಸವನ್ನು ಹಿಂದೂ ಕಾಲ, ಮುಸ್ಲಿಂ ಕಾಲ, ಬ್ರಿಟಿಷ್ ಕಾಲ ಎಂದು ಮೂರು ಭಾಗ ಮಾಡಿದನು. ಮೊದಲೆರಡಕ್ಕೆ ಧರ್ಮದ ಹೆಸರು, ಮೂರನೆಯದಕ್ಕೆ ಮಾತ್ರ ದೇಶದ ಹೆಸರು! ಅದನ್ನು ಕ್ರೈಸ್ತ ಕಾಲ ಎಂದು ಏಕೆ ಕರೆಯಲಿಲ್ಲ? ಈ ಒಂದು ಹೆಸರಿಡುವಿಕೆಯಿಂದ ಆದ ಹಾನಿ ಎಷ್ಟೆಂಬುದನ್ನು ಅಧ್ಯಾಪಕರಾದ ನಮಗೆ ದಿನವೂ ತರಗತಿಯಲ್ಲಿ ಕಾಣುತ್ತದೆ.

ಆದರೆ ನಾವೂ ಹೆಸರಿಡುತ್ತೇವೆ. ಟಿಪ್ಪುವನ್ನು 'ಪ್ರಥಮ ಸ್ವಾತಂತ್ರ್ಯ ಹೋರಾಟಗಾರ' ಎನ್ನುತ್ತೇವೆ. ಕಂಪನಿಯ ಅಪಾಯವನ್ನು ಅವನಷ್ಟು ಸ್ಪಷ್ಟವಾಗಿ ಕಂಡ ಅರಸರು ಆ ಕಾಲದಲ್ಲಿ ವಿರಳ. ಅವರೊಡನೆ ರಾಜಿ ಮಾಡಿಕೊಂಡು ಪಿಂಚಣಿ ಪಡೆಯುವ ಬದಲು ಅವನು ಹೋರಾಡಿ ಮಡಿದನು. ಇದು ಪೂರ್ಣ ಸತ್ಯ. ಆದರೆ ಇಂದು ನಾವು ತಿಳಿದಿರುವ ಭಾರತ ದೇಶ, ಪ್ರಜೆಗಳ ಸ್ವಾತಂತ್ರ್ಯ ಎಂಬ ಕಲ್ಪನೆಗಳು ಆಗ ರೂಪುಗೊಂಡಿರಲಿಲ್ಲ. ಅವನು ತನ್ನ ರಾಜ್ಯಕ್ಕಾಗಿ ಹೋರಾಡಿದ ಅರಸ. ಅದರಿಂದ ಅವನ ಶೌರ್ಯಕ್ಕೆ ಕುಂದೇನೂ ಇಲ್ಲ.

ರಾಕೆಟ್ಟಿನ ವಿಷಯವೂ ಹಾಗೆಯೇ. "ಪ್ರಪಂಚದ ಮೊದಲ ರಾಕೆಟ್ ಟಿಪ್ಪುವಿನದು" ಎಂದು ಮಕ್ಕಳು ಪ್ರಬಂಧ ಬರೆಯುತ್ತಾರೆ. ಮದ್ದಿನ ಬಾಣಗಳು ಚೀನಾದಲ್ಲಿ ಶತಮಾನಗಳ ಹಿಂದೆಯೇ ಇದ್ದವು. ಮೈಸೂರಿನವರು ಮಾಡಿದ ಸಾಧನೆ ಬೇರೆ. ಅವರು ಮದ್ದನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿದರು. ಇದರಿಂದ ಒಳಗಿನ ಒತ್ತಡ ಹೆಚ್ಚಿ ರಾಕೆಟ್ಟು ಬಹಳ ದೂರ ಹಾರುತ್ತಿತ್ತು. 1780ರ ಪೊಲ್ಲಿಲೂರು ಕದನದಲ್ಲಿ ಇಂಗ್ಲಿಷರಿಗೆ ಇದರ ಅನುಭವವಾಯಿತು. 1799ರ ನಂತರ ಇಂತಹ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಅವುಗಳನ್ನು ಆಧರಿಸಿ ತನ್ನ ರಾಕೆಟ್ಟನ್ನು ರೂಪಿಸಿದನು. ಅಮೆರಿಕದ ವಾಲಪ್ಸ್ ದ್ವೀಪದ ಕೇಂದ್ರದಲ್ಲಿ ಮೈಸೂರಿನ ರಾಕೆಟ್ ಯುದ್ಧದ ಚಿತ್ರವನ್ನು ಕಂಡು ಹೆಮ್ಮೆಪಟ್ಟುದನ್ನು ಡಾ. ಅಬ್ದುಲ್ ಕಲಾಂ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ನಿಜವೇ ಇಷ್ಟು ದೊಡ್ಡದಾಗಿರುವಾಗ 'ಪ್ರಪಂಚದ ಮೊದಲ' ಎಂಬ ಬಾಲ ಏಕೆ ಬೇಕು? ಆ ಬಾಲವನ್ನು ಯಾರಾದರೂ ಹಿಡಿದೆಳೆದರೆ ನಿಜವಾದ ಸಾಧನೆಯೂ ಅದರ ಜೊತೆಗೆ ಉರುಳುತ್ತದೆ.

ಮೂಲವನ್ನು ಕೇಳಿದ ಒಬ್ಬರು

ಅರ್ಧಸತ್ಯವನ್ನು ಎದುರಿಸುವುದು ಹೇಗೆ? ಬಿ.ಎನ್. ಪಾಂಡೆಯವರು ಹೇಳಿರುವ ಒಂದು ಪ್ರಸಂಗ ನಮಗೆ ದಾರಿ ತೋರಿಸುತ್ತದೆ. ಅವರು 1928ರಲ್ಲಿ ಅಲಹಾಬಾದಿನಲ್ಲಿ ಟಿಪ್ಪುವಿನ ಬಗ್ಗೆ ಅಧ್ಯಯನ ಮಾಡುತ್ತಿದ್ದಾಗ ಒಂದು ಶಾಲಾ ಪಠ್ಯಪುಸ್ತಕ ಅವರ ಕಣ್ಣಿಗೆ ಬಿತ್ತು. ಟಿಪ್ಪು ಬಲವಂತವಾಗಿ ಮತಾಂತರಿಸಲು ಹೋದಾಗ 3,000 ಬ್ರಾಹ್ಮಣರು ಆತ್ಮಹತ್ಯೆ ಮಾಡಿಕೊಂಡರು ಎಂದು ಅದರಲ್ಲಿತ್ತು. ಬರೆದವರು ಕಲ್ಕತ್ತಾ ವಿಶ್ವವಿದ್ಯಾನಿಲಯದ ಹರಪ್ರಸಾದ ಶಾಸ್ತ್ರಿಗಳು. ಪಾಂಡೆಯವರು ಜಗಳಕ್ಕೆ ಹೋಗಲಿಲ್ಲ. ಇದಕ್ಕೆ ಆಧಾರವೇನು ಎಂದು ಪತ್ರ ಬರೆದರು. ಹಲವು ಜ್ಞಾಪನಪತ್ರಗಳ ನಂತರ, ಮೈಸೂರು ಗೆಜೆಟಿಯರಿನಿಂದ ತೆಗೆದುಕೊಂಡದ್ದು ಎಂದು ಉತ್ತರ ಬಂತು. ಆಗ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಬ್ರಜೇಂದ್ರನಾಥ ಸೀಲರಿಗೆ ಬರೆದು ವಿಚಾರಿಸಿದರು. ಪ್ರೊ. ಶ್ರೀಕಂಠಯ್ಯ ಎಂಬವರು ಗೆಜೆಟಿಯರನ್ನು ನೋಡಿ, ಅಂತಹ ಉಲ್ಲೇಖ ಅದರಲ್ಲಿ ಎಲ್ಲಿಯೂ ಇಲ್ಲವೆಂದು ತಿಳಿಸಿದರು. ಜೊತೆಗೆ ಟಿಪ್ಪು ವರ್ಷಾಶನ ಕೊಡುತ್ತಿದ್ದ 156 ದೇವಾಲಯಗಳ ಪಟ್ಟಿಯನ್ನೂ ಕಳುಹಿಸಿದರು. ಇದು ಪಾಂಡೆಯವರು ಕೊಟ್ಟಿರುವ ವಿವರ.

ಈ ಪ್ರಸಂಗವನ್ನು ನಾವು ಬಹಳ ಸಲ ಕೇಳಿದ್ದೇವೆ. ಆದರೆ ಇದರಿಂದ ಏನು ಸಾಬೀತಾಗುತ್ತದೆ, ಏನು ಸಾಬೀತಾಗುವುದಿಲ್ಲ ಎಂದು ಯೋಚಿಸಿದ್ದೇವೆಯೇ? ಆ ಪಠ್ಯಪುಸ್ತಕದ ಒಂದು ಮಾತಿಗೆ ಹೇಳಿದ ಆಧಾರ ಇರಲಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಟಿಪ್ಪುವಿನ ಕಾಲದಲ್ಲಿ ಎಲ್ಲಿಯೂ ಬಲವಂತದ ಮತಾಂತರ ನಡೆಯಲಿಲ್ಲ ಎಂದು ಇದರಿಂದ ತಿಳಿಯುವುದಿಲ್ಲ. ಈ ಪ್ರಸಂಗವನ್ನು ಎರಡನೆಯದಕ್ಕೂ ಬಳಸಿಕೊಂಡರೆ, ಅರ್ಧಸತ್ಯದ ಔಷಧಿಯಿಂದಲೇ ಇನ್ನೊಂದು ಅರ್ಧಸತ್ಯವನ್ನು ತಯಾರಿಸಿದಂತಾಗುತ್ತದೆ.

ವಿದ್ಯಾರ್ಥಿಗಳು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಒಮ್ಮೆ ಒಂಬತ್ತನೆಯ ತರಗತಿಯಲ್ಲಿ ನಾನು ಶೃಂಗೇರಿ, ಕೊಡಗು ಎರಡನ್ನೂ ಹೇಳಿ ಪಾಠ ಮುಗಿಸಿದಾಗ ಒಬ್ಬ ಹುಡುಗಿ ಎದ್ದು ನಿಂತು, "ಸರ್, ಎರಡೂ ನಿಜ ಆದ್ರೆ ಪರೀಕ್ಷೇಲಿ ಟಿಪ್ಪು ಒಳ್ಳೆಯವನು ಅಂತ ಬರೀಬೇಕಾ, ಕೆಟ್ಟವನು ಅಂತ ಬರೀಬೇಕಾ?" ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ಆದರೆ ಅವಳ ಪ್ರಶ್ನೆ ನಗುವಂಥದ್ದಲ್ಲ. ನಮ್ಮ ವೇದಿಕೆಗಳೆಲ್ಲ ಕೇಳುತ್ತಿರುವುದೂ ಅದನ್ನೇ. ನಾನು ಅವಳಿಗೆ, "ಏನು ನಡೀತು, ಯಾವಾಗ, ಎಲ್ಲಿ, ಯಾರು ಹೇಳ್ತಾರೆ, ಇಷ್ಟನ್ನು ಬರಿಯಮ್ಮ. ಒಳ್ಳೆಯವನೋ ಕೆಟ್ಟವನೋ ಅಂತ ಓದಿದವರು ತೀರ್ಮಾನ ಮಾಡ್ಕೊಳ್ಳಲಿ" ಎಂದೆ. ಆ ಉತ್ತರವನ್ನು ಸ್ವಲ್ಪ ವಿಸ್ತರಿಸಿ ಇಲ್ಲಿ ಕೊಡುತ್ತೇನೆ. ಇತಿಹಾಸದ ಯಾವುದೇ ಮಾತು ಕೇಳಿದಾಗ ಈ ಐದು ಪ್ರಶ್ನೆಗಳನ್ನು ಹಾಕಿಕೊಳ್ಳಿ.

1. ಈ ಮಾತನ್ನು ಮೊದಲು ಹೇಳಿದವರು ಯಾರು? ಘಟನೆ ನಡೆದು ಎಷ್ಟು ಕಾಲದ ಮೇಲೆ ಹೇಳಿದರು? ಅವರಿಗೆ ಸಂಬಳ ಕೊಡುತ್ತಿದ್ದವರು ಯಾರು?

2. ಇದರ ಹಿಂದಿನ ಮತ್ತು ಮುಂದಿನ ಪುಟದಲ್ಲಿ ಏನಿದೆ? ಏನನ್ನು ಬಿಡಲಾಗಿದೆ?

3. ಸಂಖ್ಯೆ ಎಲ್ಲಿಂದ ಬಂತು? ಯಾರಾದರೂ ಎಣಿಸಿದ್ದರೇ, ಅಥವಾ ಅಂದಾಜೇ?

4. ಆ ಕಾಲದ ಬೇರೆ ಅರಸರು ಇಂತಹದೇ ಸಂದರ್ಭದಲ್ಲಿ ಏನು ಮಾಡಿದರು?

5. ಈ ಮಾತು ನಿಜವಾಗಲಿ ಎಂದು ನನ್ನ ಮನಸ್ಸು ಆಸೆಪಡುತ್ತಿದೆಯೇ? ಹಾಗಿದ್ದರೆ ಇನ್ನೊಮ್ಮೆ ಪರೀಕ್ಷಿಸುವುದು ನನ್ನ ಕರ್ತವ್ಯ.

ಐದನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಷ್ಟದ್ದು. ಬೇರೆಯವರ ಅರ್ಧಸತ್ಯ ನಮಗೆ ಥಟ್ಟನೆ ಕಾಣುತ್ತದೆ. ನಮ್ಮದು ಕಾಣುವುದಿಲ್ಲ. "ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು" ಎಂಬ ಕನ್ನಡದ ಗಾದೆ ಇಲ್ಲಿ ನಮ್ಮ ನೆರವಿಗೆ ಬರುತ್ತದೆ.

ಸಂಘದ ಸದಸ್ಯರಲ್ಲಿ ಒಂದು ವಿನಂತಿ

ನಮ್ಮ ವಿರುದ್ಧ ಅರ್ಧಸತ್ಯಗಳ ಮಳೆ ಸುರಿಯುತ್ತಿರುವಾಗ ನಾವು ಮಾತ್ರ ಪೂರ್ಣ ಸತ್ಯ ಹೇಳುತ್ತಾ ಕುಳಿತರೆ ಸೋಲುವುದಿಲ್ಲವೇ ಎಂದು ಕೆಲವು ಹಿರಿಯರು ಕೇಳಬಹುದು. ಈ ಭಯ ನನಗೆ ಅರ್ಥವಾಗುತ್ತದೆ. ನವೆಂಬರ್ 2015ರಲ್ಲಿ ಮಡಿಕೇರಿಯಲ್ಲಿ ಜಯಂತಿಯ ಗಲಭೆಯಿಂದ ಪ್ರಾಣಹಾನಿಯಾದದ್ದನ್ನು ನಾವು ಮರೆತಿಲ್ಲ. ಎರಡು ನೂರು ವರ್ಷ ಹಿಂದಿನ ಅರಸನ ಹೆಸರಿನಲ್ಲಿ ಇಂದಿನ ಮಕ್ಕಳನ್ನು ಪ್ರಶ್ನಿಸುವುದು ಅನ್ಯಾಯ. ಟಿಪ್ಪುವಿನ ಒಳ್ಳೆಯ ಕೆಲಸದ ಕೀರ್ತಿಯೂ ನಮಗೆ ಸಲ್ಲುವುದಿಲ್ಲ, ಅವನ ಕಠಿಣ ಕೃತ್ಯಗಳ ಹೊಣೆಯೂ ನಮ್ಮ ಮಕ್ಕಳದ್ದಲ್ಲ. ಹೊಣೆ ನಮ್ಮದಲ್ಲವೆಂದ ಮೇಲೆ ಅವುಗಳನ್ನು ಮುಚ್ಚಿಡುವ ಅಗತ್ಯವಾದರೂ ಏನು?

ಜೊತೆಗೆ ಇನ್ನೊಂದು ವ್ಯಾವಹಾರಿಕ ಕಾರಣವಿದೆ. ನಮ್ಮ ವಿದ್ಯಾರ್ಥಿ ಶೃಂಗೇರಿಯನ್ನು ಮಾತ್ರ ಕಲಿತು ಕಾಲೇಜಿಗೆ ಹೋದರೆ, ಅಲ್ಲಿ ಸಹಪಾಠಿ ಕೊಡಗಿನ ವಿಷಯ ಎತ್ತಿದಾಗ ಅವನು ತಬ್ಬಿಬ್ಬಾಗುತ್ತಾನೆ. ತನ್ನ ಮೇಷ್ಟ್ರು ತನಗೆ ಸುಳ್ಳು ಹೇಳಿದರೆಂದು ತಿಳಿಯುತ್ತಾನೆ. ಆಮೇಲೆ ಶೃಂಗೇರಿಯ ಪತ್ರಗಳನ್ನೂ ನಂಬುವುದಿಲ್ಲ. ಎರಡನ್ನೂ ಕಲಿತವನು ಶಾಂತವಾಗಿ ಕುಳಿತು, "ಹೌದು, ಅದೂ ನಡೆದಿದೆ. ಇದನ್ನೂ ಕೇಳಿ" ಎಂದು ಹೇಳಬಲ್ಲ. ಅಂಥವನ ಮಾತನ್ನು ಕೊಡಗಿನ ಸಹಪಾಠಿಯೂ ಕೇಳುತ್ತಾನೆ.

ಆದ್ದರಿಂದ ನಮ್ಮ ಸಂಘದ ಭಾಷಣ ಮತ್ತು ಪ್ರಬಂಧ ಸ್ಪರ್ಧೆಗಳಲ್ಲಿ ಒಂದು ಸಣ್ಣ ನಿಯಮ ತರಬೇಕೆಂದು ಕೋರುತ್ತೇನೆ. ಇತಿಹಾಸದ ವಿಷಯ ಮಾತನಾಡುವ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಅಭಿಪ್ರಾಯಕ್ಕೆ ವಿರುದ್ಧವಾದ ಒಂದು ಸಂಗತಿಯನ್ನು ಆಧಾರಸಮೇತ ಹೇಳಲೇಬೇಕು. ಅದಕ್ಕೆ ಪ್ರತ್ಯೇಕ ಅಂಕಗಳಿರಬೇಕು. ಮೊದಲ ವರ್ಷ ಮಕ್ಕಳು ತಡವರಿಸಬಹುದು. ತೀರ್ಪುಗಾರರಿಗೂ ಕಷ್ಟವಾಗಬಹುದು. ಆದರೆ ಮಕ್ಕಳು ಗ್ರಂಥಾಲಯಕ್ಕೆ ಹೋಗಿ ಎರಡನೆಯ ಪುಸ್ತಕವನ್ನೂ ತೆರೆಯುತ್ತಾರೆ. ಹಾಗೆ ತೆರೆದು ಓದಿದ ಹತ್ತು ಮಕ್ಕಳು ಪ್ರತಿ ವರ್ಷ ನಮ್ಮ ಶಾಲೆಗಳಿಂದ ಹೊರಬಂದರೂ ಈ ಲೇಖನ ಬರೆದದ್ದಕ್ಕೆ ಫಲ ಸಿಕ್ಕಿತೆಂದು ಭಾವಿಸುತ್ತೇನೆ.